ಗುಂಡ್ಲುಪೇಟೆಯಿಂದ ಕಾಣುವ ನೀಲಿ ಗೋಡೆ

ಮಳೆ ಬಂದು ಬಿಟ್ಟ ಮಾರನೇ ದಿನ ಬೆಳಿಗ್ಗೆ ಗುಂಡ್ಲುಪೇಟೆಯಲ್ಲಿ ನಿಂತು ದಕ್ಷಿಣಕ್ಕೆ ನೋಡಿ. ಮೊದಲು ಹೊಲ, ಅದರಾಚೆ ಬಂಡೀಪುರದ ಕಾಡು, ಕಾಡಿನ ಹಿಂದೆ ಒಂದು ನೀಲಿ ಗೋಡೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲಿಂದ ಅದು ಇನ್ನೂ ಚೆನ್ನಾಗಿ ಕಾಣುತ್ತದೆ. ಸ್ವಲ್ಪ ಹೊತ್ತು ನೋಡುತ್ತಾ ನಿಂತರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಚಾಮುಂಡಿ ಬೆಟ್ಟಕ್ಕೋ ಸಾವನದುರ್ಗಕ್ಕೋ ಇರುವ ಹಾಗೆ ಈ ಗೋಡೆಗೆ ಒಂದು ನೆತ್ತಿ ಇಲ್ಲ. ಮೇಲಂಚು ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಮಟ್ಟ.

ಅದು ನೀಲಗಿರಿ. ನಾವು ಊಟಿ ಅಂತ ಕರೆದು, ಕೆರೆ, ತೋಟ, ಚಾಕಲೇಟು ಅಂತ ಎರಡು ದಿನ ಸುತ್ತಿ ಬರುವ ಜಾಗ. ಆದರೆ ಆ ಗೋಡೆಯ ಮೇಲೆ ಇರುವುದು ಒಂದು ಊರಲ್ಲ. ಅಲ್ಲಿ ಬೇರೆಯದೇ ಒಂದು ನಾಡಿದೆ. ಅದಕ್ಕೆ ಅದರದ್ದೇ ಚಳಿ, ಅದರದ್ದೇ ಎರಡೆರಡು ಮಳೆಗಾಲ, ಬೇರೆಲ್ಲೂ ಸಿಗದ ಹಕ್ಕಿಗಳು, ಕನ್ನಡಕ್ಕೆ ತೀರ ಹತ್ತಿರದ ಒಂದು ಭಾಷೆ. ಇದೆಲ್ಲಕ್ಕೂ ಮೂಲ ಕಾರಣ ಒಂದೇ: ಆ ನೆಲ ಎತ್ತರದಲ್ಲಿದೆ, ಮತ್ತು ಸುತ್ತಲೂ ಕಡಿದಾಗಿ ಇಳಿಯುತ್ತದೆ. ಇಷ್ಟು ಅರ್ಥವಾದರೆ ಊಟಿ ಪ್ರವಾಸವೇ ಬೇರೆ ರೀತಿ ಇರುತ್ತದೆ ಅನ್ನೋದು ನನ್ನ ಅನುಭವ.

ಮೊದಲು ಎತ್ತರದ ಲೆಕ್ಕ ನೋಡೋಣ. ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಊಟಿ ಸುಮಾರು 2,240 ಮೀಟರ್. ಅದರ ಪಕ್ಕದ ದೊಡ್ಡಬೆಟ್ಟ 2,637 ಮೀಟರ್, ತಮಿಳುನಾಡಿನಲ್ಲೇ ಅತಿ ಎತ್ತರದ ಜಾಗ. ದೊಡ್ಡಬೆಟ್ಟದ ತುದಿಗೆ ಹೋದವರು ಒಮ್ಮೊಮ್ಮೆ "ಇಷ್ಟೇನಾ?" ಅಂತಾರೆ. ಯಾಕಂದ್ರೆ ಅದರ ಬುಡವೇ ಎರಡು ಸಾವಿರ ಮೀಟರ್ ಮೇಲಿದೆ. ನಾವು ಆಗಲೇ ಮೇಜಿನ ಮೇಲೆ ನಿಂತಿರುತ್ತೇವೆ. ಅಲ್ಲಿಂದ ಮೇಜಿನ ಮೇಲಿಟ್ಟ ಲೋಟ ಎಷ್ಟು ಎತ್ತರ ಕಂಡೀತು?

ಆ ಮೇಜು ಆಗಿದ್ದು ಚಾರ್ನಾಕೈಟ್ ಅನ್ನುವ ಕಲ್ಲಿನಿಂದ. ನೆಲದ ತುಂಬಾ ಆಳದಲ್ಲಿ, ಭಾರಿ ಬಿಸಿ ಮತ್ತು ಒತ್ತಡದಲ್ಲಿ ಗಟ್ಟಿಯಾದ ಕಲ್ಲು ಅದು. ವಯಸ್ಸು ಸುಮಾರು 250 ಕೋಟಿ ವರ್ಷ. ಕೋಲ್ಕತ್ತದಲ್ಲಿರುವ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನಾಕ್‌ನ ಗೋರಿಗೆ ಇದೇ ಜಾತಿಯ ಕಲ್ಲು ಬಳಸಿದ್ದರಿಂದ ಈ ಹೆಸರು. ನಮ್ಮ ಬಿಳಿಗಿರಿರಂಗನ ಬೆಟ್ಟದ ಕಲ್ಲೂ ಇದೇ ಬಳಗದ್ದು. ಇದು ಬೇಗ ಸವೆಯುವುದಿಲ್ಲ. ಆದರೆ ಈ ಗಟ್ಟಿ ಕಲ್ಲಿನ ಉತ್ತರಕ್ಕೂ ದಕ್ಷಿಣಕ್ಕೂ ನೆಲ ಹಿಂದೆಂದೋ ಜಗ್ಗಿ, ಉಜ್ಜಿ, ನುಗ್ಗಾದ ಎರಡು ಪಟ್ಟಿಗಳಿವೆ. ಉತ್ತರದ ಪಟ್ಟಿಯಲ್ಲಿ ಮೋಯಾರ್ ನದಿ ಹರಿಯುತ್ತದೆ, ದಕ್ಷಿಣದ್ದರಲ್ಲಿ ಭವಾನಿ. ಮೆತ್ತಗಿನ ಜಾಗ ಕೊರೆದು ನದಿ ಕೆಳಗಿಳಿಯಿತು, ಗಟ್ಟಿ ಕಲ್ಲು ಹಾಗೇ ನಿಂತಿತು. ಹಾಗಾಗಿ ನೀಲಗಿರಿ ಪಶ್ಚಿಮ ಘಟ್ಟದ ಸಾಲಿಗೆ ಸೇರಿದ್ದರೂ ಎಲ್ಲ ಕಡೆಯಿಂದ ಕತ್ತರಿಸಿಟ್ಟ ಹಾಗೆ ಒಂಟಿಯಾಗಿ ಕಾಣುತ್ತದೆ. ತೆಪ್ಪಕಾಡಿನಲ್ಲಿ ಸೇತುವೆ ದಾಟುವಾಗ ಕೆಳಗೆ ಹರಿಯುವ ಆ ಸಣ್ಣ ಹೊಳೆಯೇ ಮೋಯಾರ್. ಮೈಸೂರು ಸೀಮೆಯ ಬಯಲಿಗೂ ನೀಲಗಿರಿಗೂ ನಡುವಿನ ಆಳದ ಕಮರಿಯನ್ನು ಕೊರೆದದ್ದು ಅದೇ.

ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿ ಹತ್ತಿದರೆ ಇದು ಕಣ್ಣಿಗೇ ಗೊತ್ತಾಗುತ್ತದೆ. 36 ಹೇರ್‌ಪಿನ್ ತಿರುವು. ಕೆಳಗೆ ಮುಳ್ಳುಕಂಟಿ, ಒಣ ಕಾಡು, ಬಿಸಿಲು. ಮೇಲೆ ಬಂದಾಗ ಕಾರಿನ ಗಾಜು ಏರಿಸಬೇಕು ಅನ್ನಿಸುವ ಗಾಳಿ. ನಡುವೆ ಹೋದದ್ದು ಅರ್ಧ ಮುಕ್ಕಾಲು ಗಂಟೆ, ಅಷ್ಟೇ.

ಇಲ್ಲಿ ಮಕ್ಕಳು ಕೇಳುವ ಒಂದು ಪ್ರಶ್ನೆ ಇದೆ. ಮೇಲೆ ಹೋದರೆ ಸೂರ್ಯನಿಗೆ ಹತ್ತಿರ ಆಗ್ತೀವಿ, ಹಾಗಾದ್ರೆ ಚಳಿ ಯಾಕೆ? ಗಾಳಿಗೆ ಬಿಸಿ ಸಿಗುವುದು ಹೆಚ್ಚಾಗಿ ನೆಲದಿಂದ. ಬಿಸಿಲು ನೆಲವನ್ನು ಕಾಯಿಸುತ್ತದೆ, ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಆ ಗಾಳಿ ಮೇಲೇರಿದಂತೆ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಾಗ ವಾಲ್ವಿನ ಹತ್ತಿರ ಬೆರಳಿಟ್ಟರೆ ತಂಪು ತಾಗುತ್ತದಲ್ವಾ, ಅದೇ ಸಂಗತಿ. ಸರಾಸರಿ ಲೆಕ್ಕದಲ್ಲಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಇಳಿಯುತ್ತದೆ. ಗುಂಡ್ಲುಪೇಟೆಗೂ ಊಟಿಗೂ ಎತ್ತರದ ವ್ಯತ್ಯಾಸ 1,400 ಮೀಟರಿಗೂ ಜಾಸ್ತಿ. ಅಂದರೆ ಒಂಬತ್ತು ಡಿಗ್ರಿ ಕಡಿಮೆ. ಕೆಳಗೆ 33 ಇದ್ದ ದಿನ ಮೇಲೆ 24.

ಇದು ಹಗಲಿನ ಮಾತು. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ರಾತ್ರಿಗಳ ಕತೆಯೇ ಬೇರೆ. ಒಂದು ಜನವರಿಯಲ್ಲಿ ತಲೈಕುಂದಾದ ಹತ್ತಿರ ಬೆಳಿಗ್ಗೆ ಆರಕ್ಕೆ ಹೊರಗೆ ಬಂದೆ. ಹುಲ್ಲಿನ ಮೇಲೆ ಯಾರೋ ಉಪ್ಪು ಚೆಲ್ಲಿದ ಹಾಗಿತ್ತು. ಕಾಲಿಟ್ಟರೆ ಚರಚರ ಸದ್ದು. ಬಗ್ಗಿ ಒಂದು ಎಸಳು ಕಿತ್ತು ನೋಡಿದೆ. ಅಂಚಿನುದ್ದಕ್ಕೂ ಸೂಜಿಯಂಥ ಸಣ್ಣ ಸಣ್ಣ ಹರಳು, ಉಸಿರು ತಾಗಿದ ಕೂಡಲೇ ನೀರು. ನಿಲ್ಲಿಸಿದ್ದ ಸ್ಕೂಟರಿನ ಸೀಟು ಬೆಳ್ಳಗಾಗಿತ್ತು. ಆದರೆ ಐವತ್ತು ಹೆಜ್ಜೆ ಆಚೆ ದಿಣ್ಣೆಯ ಮೇಲಿನ ಹುಲ್ಲು ಹಸಿರಾಗೇ ಇತ್ತು. ಅದು ನನಗೆ ಆವತ್ತು ಅರ್ಥ ಆಗಲಿಲ್ಲ.

ಆಮೇಲೆ ತಿಳಿಯಿತು. ಚಳಿಗಾಲದಲ್ಲಿ ಆಕಾಶ ಶುಭ್ರವಾಗಿರುತ್ತದೆ. ಮೋಡ ಇದ್ದರೆ ಅದು ಕಂಬಳಿ ಹೊದಿಸಿದ ಹಾಗೆ ನೆಲದ ಬಿಸಿಯನ್ನು ಹಿಡಿದಿಡುತ್ತದೆ. ಮೋಡವಿಲ್ಲದ ರಾತ್ರಿ ನೆಲದ ಬಿಸಿ ನೇರ ಆಕಾಶಕ್ಕೆ ಹೋಗಿಬಿಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ. ಭಾರವಾದ ಗಾಳಿ ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಇಬ್ಬನಿ ಹೆಪ್ಪುಗಟ್ಟುವುದು ಬಟ್ಟಲಿನಂಥ ತಗ್ಗುಗಳಲ್ಲಿ, ದಿಣ್ಣೆಯಲ್ಲಲ್ಲ. ಹವಾಮಾನ ಕೇಂದ್ರದ ಥರ್ಮಾಮೀಟರು ನೆಲದಿಂದ ಎದೆಯೆತ್ತರದಲ್ಲಿರುತ್ತದೆ. ಅದು ಮೂರೋ ನಾಲ್ಕೋ ಡಿಗ್ರಿ ತೋರಿಸುವಾಗಲೂ ಹುಲ್ಲಿನ ಮಟ್ಟದಲ್ಲಿ ಸೊನ್ನೆಗಿಂತ ಕೆಳಗಿರಬಹುದು. ಚಹಾ ಬೆಳೆಯುವವರು ಎಳೆ ಗಿಡಗಳಿಗೆ ಸೊಪ್ಪು ಮುಚ್ಚುವುದು, ಬೆಳಗಿನ ಜಾವ ನೀರು ಚಿಮುಕಿಸುವುದು ಇದಕ್ಕೇ. ಇದೇ ಚಳಿಯಲ್ಲಿ ಕಿತ್ತ ಚಿಗುರಿನ ಚಹಾಕ್ಕೆ ಒಳ್ಳೆ ಹೆಸರಿದೆ. ಡಿಸೆಂಬರ್, ಜನವರಿಯಲ್ಲಿ ಕುನೂರಿಗೆ ಹೋದರೆ ಕೇಳಿ ಕುಡಿಯಿರಿ.

ಈಗ ಮಳೆ. ಇದು ಸ್ವಲ್ಪ ನಿಧಾನವಾಗಿ ನೋಡಬೇಕಾದ ವಿಷಯ.

ಊಟಿಗೆ ಯಾವಾಗ ಮಳೆ ಅಂತ ಕೇಳಿದರೆ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಅರಬ್ಬಿ ಸಮುದ್ರದಿಂದ ಬರುತ್ತದೆ. ಕೇರಳದ ಬಯಲು ದಾಟಿ ಬಂದ ಮೋಡಕ್ಕೆ ಎದುರಾಗುವುದು ನೀಲಗಿರಿಯ ಪಶ್ಚಿಮದ ಅಂಚು: ಕುಂದಾ ಸಾಲು, ಅವಲಾಂಚಿ, ಅಪ್ಪರ್ ಭವಾನಿ, ಕೆಳಗೆ ಗೂಡಲೂರು, ದೇವಾಲ. ಗೋಡೆಗೆ ಬಡಿದ ಗಾಳಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಹೊತ್ತು ತಂದ ನೀರನ್ನೆಲ್ಲ ಅಲ್ಲೇ ಸುರಿಯುತ್ತದೆ. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ 24 ಗಂಟೆಯಲ್ಲಿ 80 ಸೆಂಟಿಮೀಟರಿಗೂ ಹೆಚ್ಚು ಮಳೆ ಬಿತ್ತು. ಮೈಸೂರಿಗೆ ಇಡೀ ವರ್ಷ ಬೀಳುವ ಮಳೆಯ ಆಸುಪಾಸು ಅದು! ಅವಲಾಂಚಿಯಿಂದ ಊಟಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಅಷ್ಟರಲ್ಲಿ ಮೋಡ ಹಗುರವಾಗಿರುತ್ತದೆ. ಊಟಿಯಲ್ಲಿ ಬರೀ ಸೋನೆ, ಗಾಳಿ, ಕಾವಳ. ಇನ್ನೂ ಪೂರ್ವಕ್ಕೆ ಕೋತಗಿರಿಯಲ್ಲಿ ಅದೇ ದಿನ ಬಿಸಿಲೂ ಇರಬಹುದು. ಉತ್ತರದ ಬುಡದಲ್ಲಿರುವ ಮಸಿನಗುಡಿಗೆ ಮಳೆ ತಪ್ಪಿಯೇ ಹೋಗುತ್ತದೆ. ಅಲ್ಲಿ ಮುಳ್ಳುಕಂಟಿ ಬೆಳೆದಿರುವುದು ಈ ಮಳೆ ನೆರಳಿನಿಂದಲೇ.

ಅಕ್ಟೋಬರ್ ಬಂದ ಮೇಲೆ ಗಾಳಿ ತಿರುಗುತ್ತದೆ. ಹಿಂಗಾರು ಬಂಗಾಳ ಕೊಲ್ಲಿಯಿಂದ ಬಂದು ಈ ಸಲ ಪೂರ್ವದ ಅಂಚಿಗೆ ಬಡಿಯುತ್ತದೆ. ಈಗ ಕುನೂರು, ಕೇತಿ, ಕೋತಗಿರಿಯ ಸರದಿ. 2009ರ ನವೆಂಬರ್‌ನಲ್ಲಿ ಈ ಭಾಗದಲ್ಲಿ ಒಂದೇ ಸಮ ಮಳೆ ಸುರಿದು ಗುಡ್ಡಗಳು ಜಾರಿದವು. ನಲವತ್ತಕ್ಕೂ ಹೆಚ್ಚು ಜನ ಸತ್ತರು. ಕಡಿದಾದ ಇಳಿಜಾರು, ಆಳದ ಕೆಮ್ಮಣ್ಣು, ಗುಡ್ಡ ಕಡಿದು ಕಟ್ಟಿದ ಮನೆಗಳು, ಬೇರು ಹಿಡಿಯುವ ಮರಗಳಿಲ್ಲದ ಜಾಗ, ಎಲ್ಲ ಸೇರಿ ಆದ ದುರಂತ ಅದು. ಈ ಬೆಟ್ಟದಲ್ಲಿ ಒಂದು ಹೊಸ ಹೋಟೆಲಿಗಾಗಿ ಗುಡ್ಡ ಕಡಿಯುವುದನ್ನು ಕಂಡಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಹೀಗೆ ಒಂದೇ ಜಿಲ್ಲೆಗೆ ಎರಡು ಮಳೆಗಾಲ. ಮಂಡ್ಯ, ಮೈಸೂರಿನಿಂದ ಹೋಗುವ ನಮ್ಮವರು ಜುಲೈಯಲ್ಲಿ ಗೂಡಲೂರು ದಾರಿಯಲ್ಲಿ ಸಿಕ್ಕಿಹಾಕಿಕೊಂಡು "ನೀಲಗಿರಿ ಪೂರ್ತಿ ಮಳೆ" ಅಂತ ವಾಪಸ್ಸು ಬರುತ್ತಾರೆ. ಅದೇ ದಿನ ಕೋತಗಿರಿಗೆ ಹೋಗಿದ್ದರೆ ನಡೆದಾಡಿ ಬರಬಹುದಿತ್ತು.

ಈ ನಾಡಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆಗೆ ಸಿಕ್ಕಿದ್ದು ಅಲ್ಲಿನ ಹುಲ್ಲು.

ಊಟಿಯಿಂದ ಗೂಡಲೂರು ಕಡೆ ಹೊರಟರೆ ಆರನೇ ಮೈಲಿ, ಒಂಬತ್ತನೇ ಮೈಲಿ ಅನ್ನುವ ಜಾಗಗಳು ಬರುತ್ತವೆ. ಅಲೆಯಲೆಯಾಗಿ ಹಸಿರು ದಿಣ್ಣೆಗಳು, ಒಂದು ಮರವೂ ಇಲ್ಲ. ಹಳೆಯ ಸಿನಿಮಾ ಹಾಡುಗಳಲ್ಲಿ ನಾಯಕ ನಾಯಕಿ ಓಡಿ ಬರುವ ಬಯಲು. ಬ್ರಿಟಿಷರು ಇದನ್ನು ನೋಡಿ ಪಾಳು ನೆಲ, ಇಲ್ಲಿ ಮರ ಬೆಳೆಸಬೇಕು ಅಂದುಕೊಂಡರು. ಇವತ್ತೂ ಅನೇಕರು ಹಾಗೇ ಅಂದುಕೊಳ್ಳುತ್ತಾರೆ. ಕಾಡು ಕಡಿದಿದ್ದರಿಂದ ಹುಲ್ಲು ಬಂದಿದೆ ಅಂತ.

ಹಾಗಲ್ಲ. ಗಮನಿಸಿದರೆ ಎರಡು ದಿಣ್ಣೆಗಳ ನಡುವಿನ ಮಡಿಕೆಯಲ್ಲಿ, ತೊರೆ ಹರಿಯುವ ಕಡೆ, ಒತ್ತಾದ ಕಪ್ಪು ಹಸಿರಿನ ಕಾಡು ಕಾಣುತ್ತದೆ. ಅದು ಶೋಲಾ ಕಾಡು. ಮರಗಳು ಗಿಡ್ಡ, ಕೊಂಬೆಗಳು ತಿರುಚಿಕೊಂಡಿರುತ್ತವೆ, ಮೇಲ್ಭಾಗ ಕೊಡೆ ಹಿಡಿದ ಹಾಗೆ ದುಂಡಗೆ. ಚಿಗುರು ಬಂದಾಗ ಕೆಂಪು. ಒಳಗೆ ಕಾಲಿಟ್ಟರೆ ಕತ್ತಲು, ಕಾಂಡಗಳ ಮೇಲೆ ಹಾವಸೆ, ನೆಲ ಹೊಸ ಹಾಸಿಗೆಯ ಹಾಗೆ ಕುಸಿಯುತ್ತದೆ. ಮಳೆ ನಿಂತು ಗಂಟೆಯಾದರೂ ಹನಿ ಬೀಳುತ್ತಲೇ ಇರುತ್ತದೆ. ಆದರೆ ಕಾಡಿನ ಅಂಚು ಕತ್ತಿಯಲ್ಲಿ ಕತ್ತರಿಸಿದ ಹಾಗೆ ಮುಗಿಯುತ್ತದೆ. ಒಂದು ಹೆಜ್ಜೆ ಕಾಡು, ಮುಂದಿನ ಹೆಜ್ಜೆ ಹುಲ್ಲು. ಕಾಡು ಮುಂದಕ್ಕೆ ಯಾಕೆ ಹಬ್ಬುವುದಿಲ್ಲ?

ಒಂದು ಕಾರಣ ಮೇಲೆ ಹೇಳಿದ ಆ ಉಪ್ಪಿನಂಥ ಇಬ್ಬನಿ. ಶೋಲಾ ಮರದ ಬೀಜ ತಗ್ಗಿನ ಹುಲ್ಲಿನಲ್ಲಿ ಬಿದ್ದು ಮೊಳೆತರೂ ಚಳಿಗಾಲದ ಒಂದು ರಾತ್ರಿಗೆ ಸಸಿ ಸುಟ್ಟುಹೋಗುತ್ತದೆ. ಕಾಡಿನೊಳಗೆ ಎಲೆಗಳ ಚಪ್ಪರ ಬಿಸಿ ಹಿಡಿದಿಡುವುದರಿಂದ ಅಲ್ಲಿ ಸಸಿ ಉಳಿಯುತ್ತದೆ. ಹುಲ್ಲಿನ ಎಸಳೂ ಸುಡುತ್ತದೆ, ಆದರೆ ಅದರ ಜೀವ ಬುಡದಲ್ಲಿದೆ, ಮತ್ತೆ ಚಿಗುರುತ್ತದೆ. ದಿಣ್ಣೆಯ ಮೇಲೆ ಇಬ್ಬನಿ ಅಷ್ಟಿಲ್ಲದಿದ್ದರೂ ಮಣ್ಣು ತೆಳು, ಗಾಳಿ ಜಾಸ್ತಿ. ಆಗೊಮ್ಮೆ ಈಗೊಮ್ಮೆ ಬೆಂಕಿ, ಮೇಯುವ ದನ ಮತ್ತು ಕಾಡುಪ್ರಾಣಿ. ಎಲ್ಲ ಸೇರಿ ಮಡಿಕೆ ಕಾಡಿಗೆ, ದಿಣ್ಣೆ ಹುಲ್ಲಿಗೆ ಅಂತ ಪಾಲಾಗಿದೆ. ಹುಲ್ಲಿನ ನಡುವೆ ಒಂಟಿಯಾಗಿ ನಿಲ್ಲುವ ಒಂದೇ ಮರ ರೋಡೋಡೆಂಡ್ರಾನ್. ಅದಕ್ಕೆ ಚಳಿಯೂ ಬೆಂಕಿಯೂ ಲೆಕ್ಕಕ್ಕಿಲ್ಲ. ಅದರ ಹತ್ತಿರದ ನೆಂಟರಿರುವುದು ಹಿಮಾಲಯದಲ್ಲಿ.

ಈ ಹುಲ್ಲು ಎಷ್ಟು ಹಳೆಯದು ಅಂತ ಮಣ್ಣೇ ಸಾಕ್ಷಿ ಹೇಳಿದೆ. ನೀಲಗಿರಿಯ ತಗ್ಗುಗಳಲ್ಲಿ ಜೌಗು ಇದೆ. ಅಲ್ಲಿ ಸತ್ತ ಗಿಡ, ಹುಲ್ಲು ಕೊಳೆಯದೆ ಪದರ ಪದರವಾಗಿ ಉಳಿದಿದೆ. ಮರಗಳು ಮತ್ತು ಬಿಸಿ, ಒಣ ಹವೆಯ ಹುಲ್ಲುಗಳು ಗಾಳಿಯಿಂದ ಇಂಗಾಲ ಹೀರುವ ರೀತಿ ಬೇರೆ ಬೇರೆ. ಹಾಗಾಗಿ ಆಳದ ಪದರದ ಇಂಗಾಲವನ್ನು ಪರೀಕ್ಷೆ ಮಾಡಿದರೆ ಆ ಕಾಲದಲ್ಲಿ ಅಲ್ಲಿ ಏನು ಬೆಳೆದಿತ್ತು ಅಂತ ಗೊತ್ತಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಜೊತೆಗಾರರು 1993ರಲ್ಲಿ ಇದನ್ನು ಪ್ರಕಟಿಸಿದರು. ಸುಮಾರು 20,000 ವರ್ಷಗಳ ಹಿಂದೆಯೇ ಇಲ್ಲಿ ಹುಲ್ಲು ಇತ್ತು. ಹವೆ ಒಣಗಿದಾಗ ಹೆಚ್ಚಿತು, ಮಳೆ ಜಾಸ್ತಿಯಾದಾಗ ಬದಲಾಯಿತು. ಮನುಷ್ಯ ಕಾಡು ಕಡಿದು ಮಾಡಿದ ಬಯಲು ಅಲ್ಲ ಇದು. ನಮ್ಮ ಬಾಬಾಬುಡನಗಿರಿ, ಕುದುರೆಮುಖದ ಹುಲ್ಲುಗುಡ್ಡಗಳೂ ಇದೇ ಜಾತಿಯವು. ಅವನ್ನೂ ನಾವು ಬೋಳುಗುಡ್ಡ ಅಂತಲೇ ಕರೆಯುತ್ತೇವೆ.

ಇಲ್ಲಿ ಒಂದು ಹೆಸರಿನ ವಿಷಯ ಹೇಳಲೇಬೇಕು. ಕನ್ನಡದಲ್ಲಿ ಯೂಕಲಿಪ್ಟಸ್ ಮರಕ್ಕೆ ನೀಲಗಿರಿ ಅಂತೀವಿ. ನೆಗಡಿಗೆ ಹಚ್ಚುವುದು ನೀಲಗಿರಿ ಎಣ್ಣೆ. ಆದರೆ ಆ ಮರ ನೀಲಗಿರಿಯದ್ದಲ್ಲ, ಆಸ್ಟ್ರೇಲಿಯಾದ್ದು. ನೀಲಗಿರಿಗೆ ಅದು ಬಂದಿದ್ದು 1843ರಲ್ಲಿ. ಬಂದು ನೆಲೆಸಿದ ಬ್ರಿಟಿಷರಿಗೆ ಸೌದೆ ಬೇಕಿತ್ತು, ಶೋಲಾ ಮರ ಬೆಳೆಯುವುದು ನಿಧಾನ. ಹಾಗಾಗಿ ಹುಲ್ಲುಗಾವಲಿನ ಮೇಲೆ ಯೂಕಲಿಪ್ಟಸ್ ನೆಟ್ಟರು, ವ್ಯಾಟಲ್ ಅನ್ನುವ ಇನ್ನೊಂದು ಆಸ್ಟ್ರೇಲಿಯಾದ ಮರ ನೆಟ್ಟರು. ಸ್ವಾತಂತ್ರ್ಯದ ಮೇಲೂ ಚರ್ಮ ಹದ ಮಾಡುವ ತೊಗಟೆಗಾಗಿ, ಕಾರ್ಖಾನೆಗಾಗಿ ಇದು ನಡೆಯಿತು. ವ್ಯಾಟಲ್ ಈಗ ಯಾರೂ ನೆಡದೆಯೇ ಹಬ್ಬುತ್ತಿದೆ. ಹುಲ್ಲು ಮತ್ತು ಶೋಲಾ ಸೇರಿ ಮಳೆನೀರನ್ನು ಸ್ಪಂಜಿನ ಹಾಗೆ ಹಿಡಿದು ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದವು. ಯೂಕಲಿಪ್ಟಸ್ ನೆಟ್ಟ ಕಡೆ ತೊರೆಯ ನೀರು ಕಡಿಮೆಯಾಗಿದ್ದು ಗ್ಲೆನ್‌ಮಾರ್ಗನ್ ಹತ್ತಿರ ವರ್ಷಗಟ್ಟಲೆ ಅಳೆದು ನೋಡಿದಾಗ ಗೊತ್ತಾಗಿದೆ. ಈ ನೀರು ಪೈಕಾರಾ, ಮೋಯಾರ್, ಭವಾನಿ ಆಗಿ ಕೊನೆಗೆ ಕಾವೇರಿಗೇ ಸೇರುತ್ತದೆ. 1932ರಲ್ಲಿ ಶುರುವಾದ ಪೈಕಾರಾ ವಿದ್ಯುತ್ ಕೇಂದ್ರ ನಡೆದದ್ದೂ ಇದೇ ನೀರಿನಿಂದ.

ಹುಲ್ಲು ಹೋದಂತೆ ಅದನ್ನು ನಂಬಿದ ಜೀವಗಳೂ ಮೂಲೆಗೆ ಸರಿದವು. ವರೈಯಾಡು ಅನ್ನುವ ನೀಲಗಿರಿ ಕಾಡುಮೇಕೆ ಇರುವುದು ಇಂಥ ಹುಲ್ಲು ಮತ್ತು ಬಂಡೆಯ ಅಂಚಿನಲ್ಲಿ. ಪಶ್ಚಿಮದ ಮುಕುರ್ತಿ ರಾಷ್ಟ್ರೀಯ ಉದ್ಯಾನ ಇದರ ನೆಲೆ. ಎತ್ತರದಲ್ಲಿ ಹುಟ್ಟಿದ ಜೀವಕ್ಕೆ ಕೆಳಗಿನ ಬಿಸಿ ಬಯಲು ಸಮುದ್ರ ಇದ್ದ ಹಾಗೆ, ದಾಟಲು ಆಗದು. ನೀಲಗಿರಿಯ ಹೆಸರು ಹೊತ್ತ ಇಷ್ಟೊಂದು ಹಕ್ಕಿಗಳಿರುವುದು ಇದಕ್ಕೇ. 12 ವರ್ಷಕ್ಕೊಮ್ಮೆ ಹೂಬಿಡುವ ಕುರಿಂಜಿ ಬೆಳೆಯುವುದೂ ಈ ಹುಲ್ಲಿನಲ್ಲೇ. 2018ರಲ್ಲಿ ಹೂಬಿಟ್ಟಿತ್ತು, ಮುಂದಿನ ಸರದಿ 2030. ಬೆಟ್ಟಕ್ಕೆ ನೀಲಿಯ ಹೆಸರು ಈ ಹೂವಿನಿಂದ ಬಂತು ಅಂತ ಕೆಲವರು, ದೂರದ ಮಂಜಿನ ಬಣ್ಣದಿಂದ ಅಂತ ಕೆಲವರು.

ಹೆಸರು ಮಾತ್ರ ತುಂಬಾ ಹಳೆಯದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ತೋದವರನ್ನು ಬೆದರಿಸಿ ನೀಲಾದ್ರಿಯನ್ನು ಗೆದ್ದ ಅಂತ ಚಾಮರಾಜನಗರದ 1117ರ ಶಾಸನ ಹೇಳುತ್ತದೆ. ತೋದ ಜನರ ಬಗ್ಗೆ ಸಿಕ್ಕಿರುವ ಅತಿ ಹಳೆಯ ಬರಹ ಇದೇ. ತೋದರು ಎಮ್ಮೆ ಸಾಕುವವರು. ಪೀಪಾಯಿಯನ್ನು ಉದ್ದಕ್ಕೆ ಸೀಳಿ ಬೋರಲಿಟ್ಟಂಥ ಹುಲ್ಲಿನ ಮನೆಗಳು, ಕೆಂಪು ಕಪ್ಪು ಕಸೂತಿಯ ಬಿಳಿ ಶಾಲು ಅವರ ಗುರುತು. ಅವರ ಜೊತೆ ಕಬ್ಬಿಣದ ಕೆಲಸ, ಮಡಕೆ, ವಾದ್ಯದ ಕೋತರು, ಕಾಡಿನ ಕುರುಂಬರು, ಇರುಳರು ಇದ್ದರು. ಹಾಲು, ಧಾನ್ಯ, ಹತಾರ, ಜೇನು ಪರಸ್ಪರ ಕೊಟ್ಟು ತೆಗೆದುಕೊಂಡು ಬದುಕುತ್ತಿದ್ದರು.

ಇನ್ನು ಬಡಗರು. ಬಡಗು ಅಂದರೆ ಉತ್ತರ, ಅಂದರೆ ನಮ್ಮ ಕಡೆ. ಮೈಸೂರು ಸೀಮೆಯಿಂದ ಹತ್ತಿ ಹೋದವರು ಅನ್ನುವುದು ಅವರಲ್ಲೇ ಇರುವ ಮಾತು. 1603ರಲ್ಲಿ ಮೇಲೆ ಹೋದ ಒಬ್ಬ ಪಾದ್ರಿ ಅವರನ್ನು ಅಲ್ಲಿ ಕಂಡಿದ್ದ, ಹಾಗಾಗಿ ನಾಲ್ಕು ಶತಮಾನಕ್ಕೂ ಹಿಂದಿನ ಮಾತು ಇದು. ಅವರ ಊರು ಹಟ್ಟಿ, ಅವರ ನಾಡು ನಾಕುಬೆಟ್ಟ, ದೊಡ್ಡ ಹಬ್ಬ ಹೆತ್ತೆ ಹಬ್ಬ. ಬಡಗ ನುಡಿಯನ್ನು ಭಾಷಾತಜ್ಞರು ಕನ್ನಡದ ತೀರ ಹತ್ತಿರದ, ಆದರೆ ಬೇರೆಯೇ ಆದ ಭಾಷೆ ಅಂತ ನೋಡುತ್ತಾರೆ. ನಾಲಿಗೆ ಮಡಚಿ ಹೇಳುವ ಸ್ವರಗಳು ಅದರಲ್ಲಿವೆ, ನಮ್ಮಲ್ಲಿ ಇಲ್ಲ. ಅದನ್ನು ಮುರುಕು ಕನ್ನಡ ಅಂತ ಯಾರಾದರೂ ಹೇಳಿದರೆ ನನಗೆ ಬೇಜಾರಾಗುತ್ತದೆ. ಕುನೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ ಪಕ್ಕದಲ್ಲಿ ಬಿಳಿ ಸೀರೆ ಉಟ್ಟ ಇಬ್ಬರು ಅಜ್ಜಿಯರು ಮಾತಾಡುತ್ತಿದ್ದರೆ ಒಂದು ಮಾತು ಪೂರ್ತಿ ಅರ್ಥವಾಗುತ್ತದೆ, ಮುಂದಿನದು ಕೈಗೆ ಸಿಗದೆ ಜಾರಿಹೋಗುತ್ತದೆ. ಒಮ್ಮೆ ಕೇಳಿ ನೋಡಿ.

ನೋಡುವ ಜಾಗಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. 1848ರಲ್ಲಿ ಶುರುವಾದ ಸಸ್ಯತೋಟ, ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಮಾಡಿಸಿದ ಕೆರೆ ಎರಡೂ ಚೆನ್ನಾಗಿವೆ. ಆದರೆ ಮೇಜಿನ ಅಂಚು ಹೇಗಿದೆ ಅಂತ ಮೈಗೇ ತಿಳಿಯಬೇಕಾದರೆ ರೈಲಿನಲ್ಲಿ ಹೋಗಬೇಕು. ಮೇಟ್ಟುಪಾಳಯಂ 326 ಮೀಟರ್ ಎತ್ತರದಲ್ಲಿದೆ, ಊಟಿ ನಿಲ್ದಾಣ 2,203. ನಡುವೆ 46 ಕಿಲೋಮೀಟರ್, 208 ತಿರುವು, 16 ಸುರಂಗ. ಕಲ್ಲಾರಿನಿಂದ ಕುನೂರುವರೆಗೆ ಏರು ಎಷ್ಟು ಕಡಿದು ಅಂದರೆ ಕೆಲವು ಕಡೆ 12 ಅಡಿ ಮುಂದೆ ಹೋದರೆ ಒಂದಡಿ ಮೇಲೆ. ಮಾಮೂಲಿ ರೈಲಿನ ಚಕ್ರ ಅಲ್ಲಿ ಜಾರುತ್ತದೆ. ಅದಕ್ಕೇ ಎರಡು ಕಂಬಿಗಳ ನಡುವೆ ಹಲ್ಲಿರುವ ಉಕ್ಕಿನ ಪಟ್ಟಿಗಳನ್ನು ಕೂರಿಸಿದ್ದಾರೆ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಪಟ್ಟಿಗಳ ಹಲ್ಲು ಒಂದರ ಎದುರು ಒಂದು ಬರದ ಹಾಗೆ ಜೋಡಿಸಿದ್ದಾರೆ, ಯಾವ ಕ್ಷಣದಲ್ಲೂ ಒಂದಾದರೂ ಹಲ್ಲು ಹಿಡಿದಿರುತ್ತದೆ. ಹತ್ತುವಾಗ ಎಂಜಿನ್ ಹಿಂದೆ ನಿಂತು ತಳ್ಳುತ್ತದೆ. ಕುನೂರಿಗೆ 1899ರಲ್ಲಿ, ಊಟಿಗೆ 1908ರಲ್ಲಿ ರೈಲು ಬಂತು. 2005ರಲ್ಲಿ ಯುನೆಸ್ಕೋ ಪರಂಪರೆ ಪಟ್ಟಿಗೆ ಸೇರಿತು. ಹತ್ತಲು ಐದು ಗಂಟೆ ಹತ್ತಿರ ಹಿಡಿಯುತ್ತದೆ. ಕೆಳಗೆ ಅಡಿಕೆ, ಬಾಳೆ. ಮೇಲೆ ಚಹಾ, ಕ್ಯಾರೆಟ್ಟು. ಒಂದೇ ಕಿಟಕಿಯಲ್ಲಿ ಅದೆಲ್ಲ ಬದಲಾಗುತ್ತಾ ಹೋಗುತ್ತದೆ.

ಕರ್ನಾಟಕದಿಂದ ಹೋಗುವವರು ಮೂರು ಮಾತು ನೆನಪಿಡಿ. ಬಂಡೀಪುರದ ಕಾಡುದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. 2024ರ ಮೇ ತಿಂಗಳಿಂದ ನೀಲಗಿರಿಗೆ ಹೋಗುವ ಹೊರಗಿನ ಗಾಡಿಗಳಿಗೆ ಇ-ಪಾಸ್ ಪದ್ಧತಿ ಬಂದಿದೆ, ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿ ಬೇಡ, ಸ್ಟೀಲಿನದ್ದು ಇಟ್ಟುಕೊಳ್ಳಿ.

ಒಂದು ದಿನ ಉಳಿಸಿಕೊಂಡು ಕೋತಗಿರಿ ದಾಟಿ ಕೋಡನಾಡಿಗೆ ಹೋಗಿ. ನಮ್ಮವರು ಆ ಕಡೆ ಹೋಗುವುದೇ ಕಡಿಮೆ. ಅಲ್ಲಿ ನೆಲ ಸಟ್ಟನೆ ಮುಗಿಯುತ್ತದೆ. ಕೆಳಗೆ ಮೋಯಾರ್ ಕಮರಿ, ಬಲಕ್ಕೆ ದೂರದಲ್ಲಿ ಭವಾನಿಸಾಗರದ ನೀರು, ಎದುರಿಗೆ ಮೈಸೂರು ಕಡೆಯ ಬಯಲು. ಬೆಳಿಗ್ಗೆ ಹತ್ತರೊಳಗೆ ಹೋಗಬೇಕು. ಬಿಸಿಲೇರಿದ ಮೇಲೆ ಕಣಿವೆಯ ಗಾಳಿ ಕಾದು ಗೋಡೆ ಹಿಡಿದು ಮೇಲೆ ಬರುತ್ತದೆ, ಬರುತ್ತಾ ಬರುತ್ತಾ ತಣ್ಣಗಾಗಿ ಮೋಡವಾಗುತ್ತದೆ. ನೋಡುತ್ತಿದ್ದ ಹಾಗೆ ಮೊದಲು ನದಿ ಮರೆಯಾಗುತ್ತದೆ, ಆಮೇಲೆ ಬಯಲು, ಆಮೇಲೆ ಕೈ ಹಿಡಿದುಕೊಂಡಿರುವ ಕಂಬಿಯೂ ಒದ್ದೆ.